ಕಿವಿ ಕೇಳದ ಬಾಲಣ್ಣ, ತಾಳ ತಪ್ಪದ ಮಾತು!

ನಂಬುತ್ತೀರಾ? 500ಕ್ಕೂ ಹೆಚ್ಚು ಕನ್ನಡ ಚಿತ್ರಗಳಲ್ಲಿ ಮಾತಿಗೆ ಮಾತು ಹೊಸೆದು, ಚಪ್ಪಾಳೆ, ಶಿಳ್ಳೆ, ಹಿಡಿಶಾಪ ಮೂರನ್ನೂ ಗಿಟ್ಟಿಸಿದ ಟಿ.ಎನ್. ಬಾಲಕೃಷ್ಣ ಅವರಿಗೆ ಕಿವಿಯೇ ಕೇಳಿಸುತ್ತಿರಲಿಲ್ಲ! ಸಂಚು ಹೂಡುವ ಆ ಕುಹಕ ನಗೆ, ಎದುರಾಳಿ ಬಾಯಿ ಮುಚ್ಚುವುದರೊಳಗೆ ಬೀಳುವ ಆ ಒಗ್ಗರಣೆಯ ಮಾತು, ಎಲ್ಲವೂ ಮೌನದೊಳಗಿನಿಂದಲೇ ಹುಟ್ಟಿದ್ದು!

ಹೇಗೆ ಸಾಧ್ಯವಾಯಿತು? ತಮ್ಮ ಮಾತಿನ ಜೊತೆಗೆ ಎದುರಿನವರ ಮಾತನ್ನೂ ಬಾಯಿಪಾಠ ಮಾಡಿಕೊಳ್ಳುತ್ತಿದ್ದರು. ಆಮೇಲೆ ಅವರ ತುಟಿಯ ಮೇಲೆಯೇ ಕಣ್ಣು. ಆ ತುಟಿ ನಿಂತಿತೋ, ಬಾಲಣ್ಣ ಶುರು! ಬಂದದ್ದು ನಾಟಕ ಕಂಪನಿಯಿಂದ ನೋಡಿ. ಅಲ್ಲಿ ರೀಟೇಕ್ ಎಂಬುದಿಲ್ಲ. ತಡವರಿಸಿದರೆ ಮುಂದಿನ ಸಾಲಿನವರೇ ಕೂಗಿ ಎಬ್ಬಿಸುತ್ತಾರೆ. 1943ರ ‘ರಾಧಾರಮಣ’ ಚಿತ್ರದ ಹೊತ್ತಿಗೆ ಅವರು ಆ ಕುಲುಮೆಯಲ್ಲಿ ಬೆಂದು ಬಂದವರು.

ಈಗಲೇ ಒಂದು ಕೆಲಸ ಮಾಡಿ. 1972ರ ‘ಬಂಗಾರದ ಮನುಷ್ಯ’ ಹಾಕಿ. ನಾಯಕ ರಾಜೀವನ ಬೆನ್ನಿಗೆ ನಿಲ್ಲುವ ರಾಚೂಟಪ್ಪನಾಗಿ ಬಾಲಣ್ಣ ಬಂದಾಗ ಸೌಂಡ್ ಪೂರ್ತಿ ಆಫ್ ಮಾಡಿ, ರಾಜೀವನಾದ ರಾಜಕುಮಾರ್ ಅವರನ್ನು ಬಿಟ್ಟು (ಕಷ್ಟ, ಗೊತ್ತು!) ಬಾಲಣ್ಣನ ಕಣ್ಣನ್ನೇ ನೋಡಿ. ನಮಗೆ ಅಕ್ಕರೆ ಎನಿಸಿದ ನೋಟ ಅವರಿಗೆ ಆಲಿಸುವ ದಾರಿಯೂ ಆಗಿತ್ತಲ್ಲ! ಇನ್ನೊಂದು ಸೋಜಿಗ ಕೇಳಿ: 1961ರ ‘ಕಣ್ತೆರೆದು ನೋಡು’ ಚಿತ್ರದಲ್ಲಿ ರಾಜಕುಮಾರ್ ಅಂಧ ಗಾಯಕ. ಕಣ್ಣು ಕಾಣದಂತೆ ನಟಿಸುವ ನಾಯಕ, ಕಿವಿ ಕೇಳುವಂತೆ ನಟಿಸುವ ಬಾಲಣ್ಣ, ಒಂದೇ ಚಿತ್ರದಲ್ಲಿ!

ನಟನೆಗಷ್ಟೇ ನಿಂತ ಆಸಾಮಿಯೂ ಅಲ್ಲ. ಸಿನಿಮಾ ಅವಕಾಶ ಬತ್ತಿದಾಗ ರಾಜಕುಮಾರ್, ನರಸಿಂಹರಾಜು, ಜಿ.ವಿ. ಅಯ್ಯರ್ ಜೊತೆ ಕಲಾವಿದರ ಸಂಘ ಕಟ್ಟಿ, ಊರೂರಲ್ಲಿ ನಾಟಕವಾಡಿ, 1960ರಲ್ಲಿ ‘ರಣಧೀರ ಕಂಠೀರವ’ ತೆಗೆದ ನಾಲ್ವರಲ್ಲಿ ಒಬ್ಬರು. ಅಷ್ಟಕ್ಕೂ ಸಮಾಧಾನವಿಲ್ಲ! ಕನ್ನಡ ಚಿತ್ರಗಳು ಮದರಾಸಿನ ಫ್ಲೋರುಗಳಿಗೆ ಎಡತಾಕುತ್ತಿದ್ದ ಕಾಲದಲ್ಲಿ ಬೆಂಗಳೂರಿನ ಮೈಸೂರು ರಸ್ತೆಯಲ್ಲಿ ಸ್ಟುಡಿಯೋ ಕಟ್ಟಲು ಹೊರಟರು. ಜೇಬು ಬರಿದಾಯಿತು, ಹಟ ಬರಿದಾಗಲಿಲ್ಲ. ಅದೇ ಅಭಿಮಾನ್ ಸ್ಟುಡಿಯೋ. 2009ರ ಡಿಸೆಂಬರ್ 30ರಂದು ನಟ ವಿಷ್ಣುವರ್ಧನ್ ಅವರ ಅಂತ್ಯಕ್ರಿಯೆ ನಡೆದದ್ದು ಅಲ್ಲೇ. ಹಾಗಾಗಿ ಸ್ಟುಡಿಯೋದ ಹೆಸರು ಈಗ ಎಲ್ಲರಿಗೂ ಗೊತ್ತು. ಕಟ್ಟಿದ್ದು ರಾಚೂಟಪ್ಪ ಅಂತ ಹೇಳಿ ನೋಡಿ, ‘ಹೌದಾ!’ ಎನ್ನುವವರೇ ಹೆಚ್ಚು.