ಇಂಡಿಯ ಲಿಂಬೆ ಘಮ ಮತ್ತು ಗಾಳಿಯ ಲೆಕ್ಕ

ವಿಜಯಪುರ ಜಿಲ್ಲೆಯ ಇಂಡಿ ತಾಲೂಕು ಕಾಗ್ಜಿ ಲಿಂಬೆಗೆ ಹೆಸರಾದ ಸೀಮೆ. ಇಲ್ಲಿಯ ಹಣ್ಣಿಗೆ ಜಿಐ ಟ್ಯಾಗ್, ಅಂದರೆ ಇದು ಇಂಥದ್ದೇ ನೆಲದ ಬೆಳೆ ಎಂಬ ಕಾನೂನಿನ ಮಾನ್ಯತೆ ದೊರೆತಿದೆ. ರಾಜ್ಯದ ಲಿಂಬೆ ಅಭಿವೃದ್ಧಿ ಮಂಡಳಿಯ ಕಚೇರಿಯೂ ಇಂಡಿಯಲ್ಲೇ ಇದೆ. ಲಿಂಬೆಯ ಗುಣ ಹೇಳುವಾಗ ಹುಳಿ ಮತ್ತು ಘಮಗಳನ್ನು ಜೊತೆಯಾಗಿ ಎಣಿಸುವುದು ವಾಡಿಕೆಯಾದರೂ, ಇವೆರಡೂ ಹಣ್ಣಿನ ಬೇರೆ ಬೇರೆ ಭಾಗಗಳಲ್ಲಿ ನೆಲೆಸಿರುವ, ಬೇರೆ ಬೇರೆ ಸ್ವಭಾವದ ವಸ್ತುಗಳು. ರಸದಲ್ಲಿರುವ ಸಿಟ್ರಿಕ್ ಆಮ್ಲ ಸಾಮಾನ್ಯ ಉಷ್ಣಾಂಶದಲ್ಲಿ ಆವಿಯಾಗುವುದಿಲ್ಲವಾದ್ದರಿಂದ ಅದಕ್ಕೆ ವಾಸನೆಯೇ ಇಲ್ಲ. ಮೂಗಿಗೆ ಬರುವ ಲಿಂಬೆಯೆಲ್ಲ ಬಹುಮಟ್ಟಿಗೆ ಸಿಪ್ಪೆಯ ಹೊರಪದರದಲ್ಲಿ ಹುದುಗಿರುವ ತೈಲಗ್ರಂಥಿಗಳದು.

ಸಿಪ್ಪೆಯನ್ನು ಹೊರಮುಖವಾಗಿ ಬಾಗಿಸಿ ಹಿಂಡಿದಾಗ ಒಳಗಿನ ಮೆತ್ತನೆಯ ಬಿಳಿ ಪದರ ಅದುಮಿ, ಗ್ರಂಥಿಗಳಲ್ಲಿ ಒತ್ತಡ ಏರಿ, ಮೇಲಿನ ತೆಳು ಪೊರೆ ಹರಿದು ತೈಲ ಸೂಕ್ಷ್ಮ ಚಿಲುಮೆಯಾಗಿ ಚಿಮ್ಮುತ್ತದೆ. ಅಮೆರಿಕದ ಸೆಂಟ್ರಲ್ ಫ್ಲೋರಿಡಾ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಲಿಂಬೆ-ಕಿತ್ತಳೆ ವರ್ಗದ ಹಣ್ಣುಗಳ ಈ ಚಿಲುಮೆಗಳ ವೇಗ ಸೆಕೆಂಡಿಗೆ ಸುಮಾರು 10 ಮೀಟರ್ ಎಂದು ಕಂಡುಬಂದಿತು. ಆ ತೈಲದ ಮುಖ್ಯ ಅಂಶವಾದ ಲಿಮೊನೀನ್ 176 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುವ ದ್ರವವಾಗಿದ್ದರೂ ಅದಕ್ಕಿಂತ ಬಹಳ ಕೆಳಗಿನ ಉಷ್ಣಾಂಶದಲ್ಲಿಯೂ ಅದರ ಅಣುಗಳು ಒಂದೊಂದಾಗಿ ಬೇರ್ಪಟ್ಟು ಗಾಳಿಗೆ ಸೇರುತ್ತಲೇ ಇರುತ್ತವೆ. ಹೀಗೆ ಸುಲಭವಾಗಿ ಆವಿಯಾಗುವ ಗುಣಕ್ಕೆ ಬಾಷ್ಪಶೀಲತೆ ಎಂದು ಹೆಸರು. ಈ ಗುಣವಿಲ್ಲದ ವಸ್ತು ಎಷ್ಟೇ ಹತ್ತಿರವಿದ್ದರೂ ಮೂಗಿಗೆ ಅದರ ಸುಳಿವು ಸಿಗದು.

ಅಣುವಿನ ಓಟ, ಗಾಳಿಯ ಸಾಗಾಟ

ಗಾಳಿಗೆ ಸೇರಿದ ಲಿಮೊನೀನ್ ಅಣುವಿನ ವೇಗ ಸೆಕೆಂಡಿಗೆ 200 ಮೀಟರಿಗೂ ಹೆಚ್ಚು. ಇಷ್ಟು ವೇಗವಿದ್ದ ಮೇಲೆ ಘಮ ಕ್ಷಣಮಾತ್ರದಲ್ಲಿ ಊರು ದಾಟಬೇಕಿತ್ತು. ಹಾಗಾಗದಿರುವುದಕ್ಕೆ ಕಾರಣ, ಆ ಅಣು ಗಾಳಿಯ ಇತರ ಅಣುಗಳಿಗೆ ಸೆಕೆಂಡಿಗೆ ನೂರಾರು ಕೋಟಿ ಸಲ ಡಿಕ್ಕಿ ಹೊಡೆದು, ಪ್ರತಿ ಸಲವೂ ದಿಕ್ಕು ಬದಲಿಸುತ್ತ, ಮುಂದೆ ಹೋದಷ್ಟೇ ಹಿಂದಕ್ಕೂ ಬರುತ್ತಿರುತ್ತದೆ. ಡಿಕ್ಕಿಗಳ ನಡುವೆ ಅಣುಗಳು ನಿಧಾನವಾಗಿ ಹರಡಿಕೊಳ್ಳುವ ಈ ಕ್ರಿಯೆಯೇ ವಿಸರಣೆ. ಗಾಳಿ ಕಿಂಚಿತ್ತೂ ಅಲುಗದ ಸ್ಥಳದಲ್ಲಿ, ಬರೀ ವಿಸರಣೆಯ ಬಲದಿಂದ ಲಿಂಬೆಯ ಘಮ ಒಂದು ಮೀಟರ್ ಸಾಗಲು ಲೆಕ್ಕದ ಪ್ರಕಾರ ಹೆಚ್ಚುಕಡಿಮೆ ಒಂದು ದಿನವೇ ಬೇಕಾಗುತ್ತದೆ.

ಹೀಗಿರುವಾಗ ತೋಟದ ಘಮ ಬದು ದಾಟಿ ದಾರಿಗೆ ಬರುವುದು ಗಾಳಿಯ ಬೀಸಿನಿಂದಲೇ. ಗಂಧ ಪೃಥ್ವಿಯ ಗುಣವೇ ಹೊರತು ವಾಯುವಿನದಲ್ಲ ಎಂದು ವೈಶೇಷಿಕ ದರ್ಶನ ಬಹು ಹಿಂದೆಯೇ ಹೇಳಿದ್ದು ಈ ಅಂಶದ ಮಟ್ಟಿಗೆ ಇಂದಿನ ತಿಳಿವಳಿಕೆಗೆ ಹತ್ತಿರವಾಗಿದೆ. ಆದರೆ ಬೀಸುವ ಗಾಳಿ ಘಮವನ್ನು ಒಂದೇ ಸಮನೆ ಹರಡುವುದಿಲ್ಲ. ಊದುಬತ್ತಿಯ ಹೊಗೆ ಸ್ವಲ್ಪ ಎತ್ತರಕ್ಕೆ ಹೋದೊಡನೆ ಎಳೆಎಳೆಯಾಗಿ ಸುತ್ತಿಕೊಳ್ಳುವಂತೆ, ಗಾಳಿಯ ಸುಳಿಗಳು ಘಮವನ್ನು ಹರಿದು ಹಂಚುತ್ತವೆ. ಆದ್ದರಿಂದಲೇ ದೂರದ ವಾಸನೆ ಒಮ್ಮೆ ಗಪ್ಪನೆ ಬಂದು, ಮರುಗಳಿಗೆಯಲ್ಲಿ ಇಲ್ಲವಾಗಿ, ಮತ್ತೆ ಬರುತ್ತದೆ.

ಮಧ್ಯಾಹ್ನ ದೂರ, ಸಂಜೆ ಹತ್ತಿರ

ಲಿಂಬೆ ಗಿಡಗಳು ವರ್ಷದಲ್ಲಿ ಅಂಬೆ, ಮೃಗ, ಹಸ್ತ ಎಂಬ ಮೂರು ಬಹಾರಗಳಲ್ಲಿ, ಅಂದರೆ ಹೂ ಬಿಡುವ ಕಾಲಗಳಲ್ಲಿ, ಬಿಳಿ ಹೂಗಳಿಂದ ತುಂಬುತ್ತವೆ. ಉಷ್ಣಾಂಶ 20ರಿಂದ 40 ಡಿಗ್ರಿಗೆ ಏರಿದರೆ ಲಿಮೊನೀನ್ ಆವಿಯ ಒತ್ತಡ ಮೂರು ಪಟ್ಟಿಗೂ ಹೆಚ್ಚಾಗುವುದರಿಂದ, ಸುಡುಬಿಸಿಲಿನಲ್ಲಿಯೇ ಘಮ ಅತ್ಯಂತ ದಟ್ಟವಾಗಿರಬೇಕೆಂದು ತೋರುತ್ತದೆ. ವಾಸ್ತವದಲ್ಲಿ ಆಗುವುದು ತದ್ವಿರುದ್ಧ. ಕಾದ ನೆಲಕ್ಕೆ ತಾಗಿದ ಗಾಳಿ ಹಗುರಾಗಿ ಮೇಲೇಳುತ್ತ, ತನ್ನೊಂದಿಗೆ ಘಮವನ್ನೂ ಒಂದೆರಡು ಕಿಲೋಮೀಟರ್ ಎತ್ತರದವರೆಗೆ ಒಯ್ದು ತೆಳುವಾಗಿಸುತ್ತದೆ. ಬಿಸಿಲಿನಲ್ಲಿ ಚುರುಕಾಗುವ ರಾಸಾಯನಿಕ ಕ್ರಿಯೆಗಳು ಉಳಿದ ಲಿಮೊನೀನ್ ಅಣುಗಳನ್ನು ಒಂದೆರಡು ಗಂಟೆಗಳಲ್ಲಿ ಒಡೆಯುತ್ತವೆ. ಹೊತ್ತು ಮುಳುಗಿದ ಮೇಲೆ ಬಯಲುಸೀಮೆಯ ನೆಲ ಬೇಗ ತಣಿದು, ಕೆಳಗೆ ತಂಪು ಗಾಳಿ, ಮೇಲೆ ಬೆಚ್ಚನೆಯ ಗಾಳಿ ನಿಲ್ಲುತ್ತದೆ. ಉಷ್ಣತಾ ವಿಲೋಮ ಎನ್ನಲಾಗುವ ಈ ಸ್ಥಿತಿಯಲ್ಲಿ ಭಾರವಾದ ತಂಪು ಗಾಳಿ ಮೇಲೇಳದೆ, ಅದರಲ್ಲಿರುವ ಘಮವೂ ಆಳೆತ್ತರದಲ್ಲೇ ಉಳಿದು, ಮಂದ ಗಾಳಿಯೊಂದಿಗೆ ಅಡ್ಡಡ್ಡವಾಗಿ ಬಹುದೂರ ಹರಿಯುತ್ತದೆ.

ಎರೆನೆಲದ ಮೊದಲ ಮಳೆ

ಬಸವನ ಬಾಗೇವಾಡಿ, ಮುದ್ದೇಬಿಹಾಳ ಕಡೆಯ ಡೋಣಿ ಸೀಮೆಯ ಎರೆಭೂಮಿ ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರುಕು ಬಿಡುತ್ತದೆ; ಮೊದಲ ಮಳೆ ಬಿದ್ದೊಡನೆ ಅದರಿಂದ ಮಣ್ಣಿನ ವಾಸನೆ ಏಳುತ್ತದೆ. ಆಸ್ಟ್ರೇಲಿಯಾದ ವಿಜ್ಞಾನಿಗಳಾದ ಇಸಬೆಲ್ ಜಾಯ್ ಬೇರ್ ಮತ್ತು ರಿಚರ್ಡ್ ಥಾಮಸ್ 1964ರಲ್ಲಿ ತೋರಿಸಿದಂತೆ, ಒಣಗಿದ ಜೇಡಿಮಣ್ಣು ಮತ್ತು ಕಲ್ಲು ಸಸ್ಯಮೂಲದ ತೈಲಾಂಶಗಳನ್ನು ಹೀರಿಟ್ಟುಕೊಂಡು, ತೇವ ತಾಗಿದೊಡನೆ ಬಿಟ್ಟುಕೊಡುತ್ತವೆ. ಇದಕ್ಕೆ ಮಣ್ಣಿನ ಸ್ಟ್ರೆಪ್ಟೊಮೈಸಿಸ್ ಬ್ಯಾಕ್ಟೀರಿಯಾಗಳು ತಯಾರಿಸುವ ಜಿಯೊಸ್ಮಿನ್ ಸೇರುತ್ತದೆ. ಒಂದು ಲೀಟರ್ ನೀರಿನಲ್ಲಿ ಒಂದು ಗ್ರಾಮಿನ ಹತ್ತು ಕೋಟಿಯಲ್ಲೊಂದು ಪಾಲು ಜಿಯೊಸ್ಮಿನ್ ಇದ್ದರೂ ಮನುಷ್ಯನ ಮೂಗು ಅದನ್ನು ಗುರುತಿಸಬಲ್ಲದು. ಹನಿ ಮಣ್ಣಿಗೆ ಬಿದ್ದಾಗ ಅದರಡಿ ಸಿಕ್ಕಿದ ಗಾಳಿ ಗುಳ್ಳೆಯಾಗಿ ಮೇಲೆದ್ದು ಒಡೆದು, ಮಣ್ಣಿನಂಶವನ್ನು ಸೂಕ್ಷ್ಮ ತುಂತುರಾಗಿ ಎರಚುವುದನ್ನು ಅಮೆರಿಕದ ಎಂಐಟಿ ಸಂಶೋಧಕರು 2015ರಲ್ಲಿ ವೇಗದ ಕ್ಯಾಮೆರಾಗಳಿಂದ ಸೆರೆಹಿಡಿದರು. ಬಿರುಮಳೆಗಿಂತ ಹದವಾದ ಮಳೆಯಲ್ಲಿ ಈ ಎರಚಾಟ ಹೆಚ್ಚು. ಮಳೆಮೋಡದಿಂದ ಕೆಳಗೆ ಧುಮುಕಿದ ತಂಪು ಗಾಳಿ ನೆಲಕ್ಕೆ ಬಡಿದು ಮುಂದಕ್ಕೆ ನುಗ್ಗುವಾಗ ಆ ವಾಸನೆಯನ್ನೂ ತಳ್ಳಿಕೊಂಡು ಬರುವುದರಿಂದ, ಹನಿ ಬೀಳದ ಊರಿನವರೂ “ಅಲ್ಲೆಲ್ಲೋ ಮಳಿ ಆಗೇತಿ” ಎಂದು ಸರಿಯಾಗಿಯೇ ಹೇಳುತ್ತಾರೆ.

ಮೂಗಿನೊಳಗಿನ ಕೊನೆಯ ಹೆಜ್ಜೆ

ಉಸಿರಿನೊಂದಿಗೆ ಒಳಬಂದ ಅಣುಗಳು ಮೂಗಿನ ಮೇಲ್ಭಾಗದ ಲೋಳೆಯಲ್ಲಿ ಕರಗಿ ಅಲ್ಲಿನ ಗ್ರಾಹಕಗಳಿಗೆ ಅಂಟಿಕೊಂಡಾಗ ಮಾತ್ರ ವಾಸನೆಯ ಅರಿವು ಹುಟ್ಟುತ್ತದೆ. ಗ್ರಾಹಕಗಳೆಂದರೆ ನಿರ್ದಿಷ್ಟ ಅಣುಗಳಿಗೆ ಸ್ಪಂದಿಸುವ ಪ್ರೋಟೀನುಗಳು. ಇವುಗಳ ಜೀನ್‌ಗಳನ್ನು 1991ರಲ್ಲಿ ಪತ್ತೆಹಚ್ಚಿದ ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ 2004ರ ನೊಬೆಲ್ ಪುರಸ್ಕಾರ ಪಡೆದರು. ಮನುಷ್ಯನಲ್ಲಿ ಸುಮಾರು 400 ಬಗೆಯ ಗ್ರಾಹಕಗಳಿದ್ದು, ಅವುಗಳ ಬೇರೆ ಬೇರೆ ಜೋಡಣೆಗಳಿಂದ ಮಿದುಳು ಲಿಂಬೆಯನ್ನು ಲಿಂಬೆಯೆಂದು, ಮಣ್ಣನ್ನು ಮಣ್ಣೆಂದು ತಿಳಿಯುತ್ತದೆ. ಒಂದೇ ವಾಸನೆ ಬಿಡದೆ ಬರುತ್ತಿದ್ದರೆ ಈ ಅರಿವು ಮಂಕಾಗುವುದರಿಂದ, ದಿನವಿಡೀ ಲಿಂಬೆ ಆರಿಸಿ ಚೀಲ ತುಂಬುವವರಿಗಿಂತ ಆಗಷ್ಟೇ ಮಾರುಕಟ್ಟೆಗೆ ಕಾಲಿಟ್ಟವರಿಗೆ ಘಮ ತೀಕ್ಷ್ಣವಾಗಿರುತ್ತದೆ.

ಗಾಳಿಯ ಈ ಲೆಕ್ಕ ದುರ್ವಾಸನೆಗೂ ಅಷ್ಟೇ ಅನ್ವಯಿಸುತ್ತದೆ. ಕಸದ ಗುಂಡಿ, ಚರಂಡಿ, ಕಾಕಂಬಿಯ ತೊಟ್ಟಿಗಳ ವಾಸನೆಯ ಬಗ್ಗೆ ದೂರು ಬಂದಾಗ ಅಧಿಕಾರಿಗಳು ಮಧ್ಯಾಹ್ನ ಬಂದು ಮೂಸಿ ನೋಡಿ ಏನೂ ಇಲ್ಲವೆಂದರೆ ಅದು ಸುಳ್ಳಲ್ಲ, ರಾತ್ರಿಯಿಡೀ ನಿದ್ದೆಗೆಟ್ಟವರ ಮಾತೂ ಸುಳ್ಳಲ್ಲ. ಇಬ್ಬರ ಮೂಗಿಗೂ ಬಂದದ್ದು ಬೇರೆ ಬೇರೆ ಹೊತ್ತಿನ ಗಾಳಿ. ಆದ್ದರಿಂದ ಇಂಥ ದೂರುಗಳ ತನಿಖೆ ನಸುಕಿನಲ್ಲಿ, ಗಾಳಿ ಬೀಸುವ ದಿಕ್ಕಿನ ಕೆಳಭಾಗದ ಮನೆಗಳ ಬಳಿ ನಡೆದರೆ ಮಾತ್ರ ನಿಜಸ್ಥಿತಿ ತಿಳಿಯುತ್ತದೆ.