ಬಾಡಿಗೆ ಟ್ರಕ್‌ಗೆ ಯಾವ ಬೀಗ?

ಅಮೆರಿಕದಲ್ಲಿ ಮನೆ ಬದಲಾಯಿಸ್ತಿದ್ದೀರಾ? ಯು-ಹಾಲ್ ಟ್ರಕ್ ಬಾಡಿಗೆಗೆ ತಗೊಂಡ್ರೆ, ಹಿಂದಿನ ಶಟರ್‌ಗೆ ಬೀಗ ನೀವೇ ತರಬೇಕು. ದಯವಿಟ್ಟು ಸೂಟ್‌ಕೇಸ್‌ನ ಪುಟ್ಟ ಬೀಗ ಹಾಕಬೇಡಿ!

ಸಾಮಾನ್ಯ ಬೀಗದಲ್ಲಿ ಕಳ್ಳನ ಕಣ್ಣು ಬೀಳೋದು ಮೇಲೆ ಎದ್ದು ನಿಂತಿರೋ ಕೊಂಡಿ ಮೇಲೆ. ಬೋಲ್ಟ್ ಕಟರ್‌ನ ಬಾಯಿ ಅಲ್ಲಿ ತೂರಿದ್ರೆ ಮುಗೀತು. ಅದಕ್ಕೇ ಡಿಸ್ಕ್ ಲಾಕ್ ತಗೊಳ್ಳಿ. ದುಂಡಗಿರುತ್ತೆ, ಸುಮಾರು 70 ಮಿಲಿಮೀಟರ್ ಅಗಲ. ಕೊಂಡಿ ಬಹುಪಾಲು ಉಕ್ಕಿನ ಕವಚದೊಳಗೇ ಅಡಗಿರುತ್ತೆ, ಹೊರಗೆ ಕಾಣೋದು ಒಂದು ಸಣ್ಣ ಸಂದಿ ಅಷ್ಟೇ. ಕಟರ್‌ಗೆ ಹಿಡಿತ ಸಿಗೋದು ಬಲು ಕಷ್ಟ. ಗ್ರೈಂಡರ್ ತಂದ್ರೆ ಇದನ್ನೂ ಕೊಯ್ಯಬಹುದು, ನಿಜ. ಆದ್ರೆ ಸದ್ದಿಲ್ಲದೆ ಆಗಲ್ಲ.

ಸಾಮಾನು ತುಂಬೋಕೆ ಮುಂಚೆಯೇ ಬೀಗ ಹಾಕಿ, ತೆಗೆದು ನೋಡಿ. ರಾತ್ರಿ ಟ್ರಕ್‌ನ ಹಿಂಭಾಗ ಗೋಡೆಗೆ ಹತ್ತಿರವಾಗಿ ನಿಲ್ಲಿಸಿ. ಪಾಸ್‌ಪೋರ್ಟ್, ಅಮ್ಮ ಕೊಟ್ಟ ಒಡವೆ ಮಾತ್ರ ನಿಮ್ಮ ಕೈಚೀಲದಲ್ಲೇ ಇರಲಿ.