ಆಗ್ನೇಯ ದಿಕ್ಕಿನ ಉಪಗ್ರಹ: ತಪ್ಪು ಕಲ್ಪನೆ ಮತ್ತು ಸತ್ಯ

ಠಾಣೆ, ಡೊಂಬಿವಲಿ, ಕಲ್ಯಾಣ ಮತ್ತು ನವಿ ಮುಂಬಯಿಯ ಕನ್ನಡಿಗರ ಮನೆಗಳಿಗೆ ಡಿಡಿ ಫ್ರೀ ಡಿಶ್ ಸೇವೆಯ ಮೂಲಕ ಚಂದನ ವಾಹಿನಿಯನ್ನು ತಲುಪಿಸುವ ಜಿಸ್ಯಾಟ್-15, 2015ರ ನವೆಂಬರ್‌ನಲ್ಲಿ ಫ್ರೆಂಚ್ ಗಯಾನಾದ ಕೌರೂ ನೆಲೆಯಿಂದ ಏರಿಯಾನ್-5 ರಾಕೆಟ್‌ನಲ್ಲಿ ಉಡಾವಣೆಗೊಂಡ, 3,164 ಕಿಲೋಗ್ರಾಂ ತೂಕದ ಸಂವಹನ ಉಪಗ್ರಹ. ಪರದೆಯಲ್ಲಿ ಚಿತ್ರ ಕೈಕೊಟ್ಟಾಗ ಈ ಉಪಗ್ರಹದ ಬಗ್ಗೆ ಕೇಳಿಬರುವ ಕೆಲವು ನಂಬಿಕೆಗಳನ್ನು ಇಲ್ಲಿ ಪರಿಶೀಲಿಸಲಾಗಿದೆ.

ತಪ್ಪು ಕಲ್ಪನೆ: ಉಪಗ್ರಹ ಆಕಾಶದಲ್ಲಿ ನಿಂತಲ್ಲೇ ನಿಂತಿದೆ.

ಸತ್ಯ: ಅದು ಸೆಕೆಂಡಿಗೆ ಸುಮಾರು 3 ಕಿಲೋಮೀಟರ್ ವೇಗದಲ್ಲಿ ಭೂಮಿಯನ್ನು ಸುತ್ತುತ್ತಿದೆ. ಸಮಭಾಜಕ ವೃತ್ತದಿಂದ 35,786 ಕಿ.ಮೀ. ಎತ್ತರದಲ್ಲಿ ಒಂದು ಸುತ್ತಿಗೆ 23 ಗಂಟೆ 56 ನಿಮಿಷ ಬೇಕಾಗುತ್ತದೆ. ಭೂಮಿ ತನ್ನ ಅಕ್ಷದ ಮೇಲೆ ಒಮ್ಮೆ ತಿರುಗುವ ಅವಧಿಯೂ ಅಷ್ಟೇ ಆದುದರಿಂದ ನೆಲದಿಂದ ನೋಡುವವರಿಗೆ ಅದು ಅಲುಗದಂತೆ ತೋರುತ್ತದೆ. ಇದನ್ನು ಭೂಸ್ಥಿರ ಕಕ್ಷೆ ಎನ್ನುತ್ತಾರೆ. ಸೂರ್ಯ ಮತ್ತು ಚಂದ್ರರ ಸೆಳೆತ ಉಪಗ್ರಹವನ್ನು ಮೆಲ್ಲಗೆ ಅತ್ತಿತ್ತ ಸರಿಸುತ್ತದೆ. ಅದನ್ನು ಸರಿಪಡಿಸುವ ಇಸ್ರೋದ ಮುಖ್ಯ ನಿಯಂತ್ರಣ ಸೌಲಭ್ಯ ಹಾಸನದಲ್ಲಿದೆ.

ತಪ್ಪು ಕಲ್ಪನೆ: ಕರ್ನಾಟಕದಿಂದ ದೂರವಿರುವ ಊರಿನಲ್ಲಿ ಕನ್ನಡ ವಾಹಿನಿಯ ಸಂಕೇತ ದುರ್ಬಲ.

ಸತ್ಯ: ಸಂಕೇತ ಬೆಂಗಳೂರಿನಿಂದ ನೇರವಾಗಿ ಮನೆಗೆ ಬರುವುದಿಲ್ಲ. ಭೂಕೇಂದ್ರವೊಂದು ಅದನ್ನು ಮೇಲಕ್ಕೆ ಕಳುಹಿಸುತ್ತದೆ. ಉಪಗ್ರಹದಲ್ಲಿರುವ ಟ್ರಾನ್ಸ್‌ಪಾಂಡರ್ ಎಂಬ ಸಾಧನ ಅದನ್ನು ಸ್ವೀಕರಿಸಿ, ಆವರ್ತನ ಬದಲಿಸಿ, ಶಕ್ತಿ ತುಂಬಿ ದೇಶದುದ್ದಗಲಕ್ಕೂ ಹರಡುತ್ತದೆ. ಬೆಂಗಳೂರು ಮತ್ತು ಠಾಣೆಗಳಿಂದ ಉಪಗ್ರಹಕ್ಕಿರುವ ದೂರಗಳ ವ್ಯತ್ಯಾಸ ಸುಮಾರು ಶೇಕಡಾ 1 ಮಾತ್ರ.

ತಪ್ಪು ಕಲ್ಪನೆ: ಉಪಗ್ರಹ ನೆತ್ತಿಯ ಮೇಲಿದೆ, ತಾರಸಿಯಲ್ಲಿ ಡಿಶ್ ಎಲ್ಲಿಟ್ಟರೂ ಸಾಕು.

ಸತ್ಯ: ಭೂಸ್ಥಿರ ಉಪಗ್ರಹ ಸಮಭಾಜಕ ವೃತ್ತದ ಮೇಲೆಯೇ ಇರಬೇಕು. ಜಿಸ್ಯಾಟ್-15 ಇರುವುದು 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿ, ಅಂದರೆ ಹಿಂದೂ ಮಹಾಸಾಗರದ ಮೇಲೆ. ಠಾಣೆಯಿಂದ ನೋಡಿದರೆ ಅದು ಆಗ್ನೇಯದಲ್ಲಿ, ದಿಗಂತದಿಂದ ಸುಮಾರು 57 ಡಿಗ್ರಿ ಎತ್ತರದಲ್ಲಿರುತ್ತದೆ. ಆದ್ದರಿಂದ ಆ ದಿಕ್ಕಿನಲ್ಲಿ 10 ಮೀಟರ್ ದೂರದಲ್ಲಿರುವ ಕಟ್ಟಡ ಡಿಶ್‌ಗಿಂತ ಸುಮಾರು 16 ಮೀಟರ್ ಎತ್ತರವಾಗಿದ್ದರೆ ಸಂಕೇತಕ್ಕೆ ಅಡ್ಡವಾಗುತ್ತದೆ. ವರ್ಷಗಟ್ಟಲೆ ಸರಿಯಾಗಿದ್ದ ಡಿಶ್, ಪಕ್ಕದಲ್ಲಿ ಬಹುಮಹಡಿ ಕಟ್ಟಡ ಎದ್ದೊಡನೆ ಸುಮ್ಮನಾಗುವುದಕ್ಕೆ ಇದೇ ಕಾರಣ.

ತಪ್ಪು ಕಲ್ಪನೆ: ಮಳೆಗಾಲದಲ್ಲಿ ಉಪಗ್ರಹ ಕೆಟ್ಟುಹೋಗುತ್ತದೆ.

ಸತ್ಯ: ಮಳೆ ಸುರಿಯುವುದು ವಾತಾವರಣದ ಕೆಳಗಿನ ಕೆಲವೇ ಕಿಲೋಮೀಟರ್‌ಗಳಲ್ಲಿ, ಅದರಿಂದ ಉಪಗ್ರಹಕ್ಕೆ ಏನೂ ಆಗುವುದಿಲ್ಲ. ಡಿಶ್‌ಗೆ ಬರುವ ಕೆಯು ಬ್ಯಾಂಡ್ ಅಲೆಗಳ ಉದ್ದ ಸುಮಾರು 2.5 ಸೆಂಟಿಮೀಟರ್, ಮುಂಬಯಿ ಪ್ರದೇಶದ ಜಡಿಮಳೆಯ ದಪ್ಪ ಹನಿಗಳು ಈ ಅಲೆಗಳನ್ನು ಹೀರಿ ಚದುರಿಸುವುದರಿಂದ ಚಿತ್ರ ಚೂರುಚೂರಾಗಿ ನಿಲ್ಲುತ್ತದೆ, ಮಳೆ ತಗ್ಗಿದಾಗ ತಾನಾಗಿ ಮರಳುತ್ತದೆ. ಆಕಾಶ ನಿರ್ಮಲವಾಗಿದ್ದರೂ ಮಾರ್ಚ್ ಮತ್ತು ಅಕ್ಟೋಬರ್ ತಿಂಗಳುಗಳ ಮೊದಲ ಭಾಗದಲ್ಲಿ ಕೆಲವು ದಿನ, ಹಗಲಿನಲ್ಲಿ ಕೆಲವು ನಿಮಿಷ ಚಿತ್ರ ಹೋಗುವುದುಂಟು: ಆಗ ಸೂರ್ಯ ಸರಿಯಾಗಿ ಉಪಗ್ರಹದ ಬೆನ್ನ ಹಿಂದೆ ಬರುವುದರಿಂದ, ಅದರ ರೇಡಿಯೊ ಗದ್ದಲದಲ್ಲಿ ಉಪಗ್ರಹದ ಕ್ಷೀಣ ಸಂಕೇತ ಮುಚ್ಚಿಹೋಗುತ್ತದೆ.

ತಪ್ಪು ಕಲ್ಪನೆ: ವಿದೇಶದ ಫೋನ್ ಕರೆ ಮತ್ತು ಇಂಟರ್ನೆಟ್ ಈ ಬಗೆಯ ಉಪಗ್ರಹಗಳಿಂದಲೇ ನಡೆಯುತ್ತವೆ.

ಸತ್ಯ: ಖಂಡಗಳ ನಡುವಿನ ದತ್ತಾಂಶದ ಬಹುಪಾಲು ಸಮುದ್ರದಡಿಯ ಆಪ್ಟಿಕಲ್ ಫೈಬರ್ ಕೇಬಲ್‌ಗಳಲ್ಲಿ ಹರಿಯುತ್ತದೆ, ಅಂಥ ಹಲವು ಕೇಬಲ್‌ಗಳು ಮುಂಬಯಿ ತೀರವನ್ನು ಮುಟ್ಟುತ್ತವೆ. ಭೂಸ್ಥಿರ ಉಪಗ್ರಹದವರೆಗೆ ಹೋಗಿ ಕೆಳಗಿಳಿಯಲು ಬೆಳಕಿನ ವೇಗದಲ್ಲಿ ಸಾಗುವ ಅಲೆಗೂ ಸುಮಾರು ಕಾಲು ಸೆಕೆಂಡ್ ಹಿಡಿಯುತ್ತದೆ. ಮಾತಿಗೆ ಮರುಮಾತು ಬರಲು ಇದರ ಎರಡರಷ್ಟು ಸಮಯ ಬೇಕಾಗುವುದರಿಂದ ಸಂಭಾಷಣೆಗೆ ಕೇಬಲ್ ಅನುಕೂಲ. ಒಂದೇ ಕಾರ್ಯಕ್ರಮವನ್ನು ಏಕಕಾಲಕ್ಕೆ ಕೋಟ್ಯಂತರ ಮನೆಗಳಿಗೆ ಹಂಚುವುದರಲ್ಲಿ ಉಪಗ್ರಹದ ಮೇಲುಗೈ ಉಳಿದಿದೆ.

ಆದುದರಿಂದ ಚಿತ್ರ ನಿಂತಾಗ ಉಪಗ್ರಹವನ್ನೋ ಸೆಟ್‌ಟಾಪ್ ಬಾಕ್ಸನ್ನೋ ದೂರುವ ಮೊದಲು ಮಳೆಯ ಬಿರುಸು, ತಿಂಗಳು ಮತ್ತು ಆಗ್ನೇಯ ದಿಕ್ಕಿನ ತೆರವು, ಈ ಮೂರನ್ನು ಗಮನಿಸುವುದು ಉಚಿತ.